ಹೊನ್ನಪ್ಪನ ಎಡೆ

ಮದುವೆ ವಿಡಿಯೋ ತೆಗೆಯುವವನಿಗೆ ಬೇರೆಯವರ ಅಳು ಹೊಸದಲ್ಲ. ಹೆಣ್ಣು ಒಪ್ಪಿಸುವಾಗ ತಾಯಿಯ ಮುಖವನ್ನು ಎಷ್ಟು ಹತ್ತಿರದಿಂದ ಹಿಡಿಯಬೇಕು, ಯಾವ ಚಿಕ್ಕಪ್ಪ ನಿಜವಾಗಿ ಅಳುತ್ತಾನೆ, ಯಾರು ಕ್ಯಾಮೆರಾ ಕಂಡ ಮೇಲೆ ಕರ್ಚೀಫು ಹುಡುಕುತ್ತಾರೆ, ಇದೆಲ್ಲ ನನಗೆ ಅಭ್ಯಾಸವಾಗಿಬಿಟ್ಟಿದೆ. ಗಂಜಾಂನಲ್ಲಿ ನನ್ನ ಸ್ಟುಡಿಯೋ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಮದುವೆಗೂ ನಾನೇ, ಗೃಹಪ್ರವೇಶಕ್ಕೂ ನಾನೇ, ತಿಥಿಗೂ ನಾನೇ. ಮುಸವ್ವಿರ್ ಅಂದರೆ ಯಾರಿಗೂ ತಿಳಿಯುವುದಿಲ್ಲ, ವಿಡಿಯೋ ಸಾಬ್ರು ಅಂದರೆ ಮನೆ ತೋರಿಸುತ್ತಾರೆ.

ಅಕ್ಷಿತಾ ನನ್ನನ್ನು ಹುಡುಕಿಕೊಂಡು ಬಂದದ್ದು ಹೋದ ವರ್ಷ ಪಿತೃಪಕ್ಷ ಶುರುವಾದ ವಾರ. ಬೆಂಗಳೂರಿನವಳು, ಟಿ.ವಿ.ಗೆ ಸಾಕ್ಷ್ಯಚಿತ್ರ ಮಾಡುವವಳು. ಎಂಬತ್ತೇಳರಲ್ಲಿ ಶ್ರೀಲಂಕಾಕ್ಕೆ ನಮ್ಮ ದಂಡು ಹೋಗಿತ್ತಲ್ಲ, ಆ ಯುದ್ಧದ ಬಗ್ಗೆ ಮಾಡುತ್ತಿದ್ದಳು. ಜಗಳ ಬಿಡಿಸಲು ಹೋದವರು ತಾವೇ ಜಗಳಕ್ಕೆ ಬಿದ್ದು, ಯಾರು ಗೆದ್ದರು ಯಾರು ಸೋತರು ಅಂತ ಹೇಳಲಾಗದೆ ಹಡಗು ಹತ್ತಿ ವಾಪಸು ಬಂದ ಯುದ್ಧ. ಹೋದವರಲ್ಲಿ ಕೆಲವರ ಹೆಣವೂ ಬರಲಿಲ್ಲ. ಅಂಥವರ ಮನೆಗಳಲ್ಲಿ ಈಗ ಏನಾಗಿದೆ ಅನ್ನುವುದು ಅವಳ ವಿಷಯ. ಎರಡನೇ ಕ್ಯಾಮೆರಾಕ್ಕೆ ಮತ್ತು ಊರು ತೋರಿಸುವುದಕ್ಕೆ ನಾನು ಬೇಕಾಗಿದ್ದೆ.

ಮೊದಲು ನಾಗಮಂಗಲದ ಕಡೆ ಒಂದು ಮನೆಗೆ ಹೋದೆವು. ಅಲ್ಲಿ ಊರ ಬಾಗಿಲಲ್ಲೇ ಯೋಧನ ಅರ್ಧ ವಿಗ್ರಹ, ಅದಕ್ಕೆ ಹಾರ, ತಮ್ಮನ ಮಗನ ಭಾಷಣ. ವಾಪಸು ಬರುವಾಗ ಕಾರಿನಲ್ಲಿ ಅಕ್ಷಿತಾ, "ಇಲ್ಲಿ ಎಲ್ಲ ಮುಗಿದುಹೋಗಿದೆ ಮುಸವ್ವಿರ್. ನನಗೆ ಮುಗಿಯದೆ ಇರೋ ಮನೆ ಬೇಕು" ಅಂದಳು. ನನಗೆ ರೇಗಿತು. ದುಃಖ ಸಾಲದು, ಇನ್ನೂ ಹಸಿಯಾಗಿರುವುದು ತೋರಿಸು ಅನ್ನುವ ಗಿರಾಕಿಯನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಅಂಥ ಮನೆ ನನಗೆ ಗೊತ್ತಿತ್ತು, ಬಾಯಿ ತಡೆಯಲಿಲ್ಲ.

ಅಕ್ಕಿಹೆಬ್ಬಾಳಿನಿಂದ ಸ್ವಲ್ಪ ಆಚೆ, ಹೇಮಾವತಿ ನಾಲೆಯ ಪಕ್ಕದ ಊರು. ಕೆಂಪಣ್ಣ ಅನ್ನುವವರ ಮಗಳ ಮದುವೆಗೆ ಹೋಗಿದ್ದಾಗ ನೋಡಿದ್ದೆ. ಕೆಂಪಣ್ಣನ ಅಣ್ಣ ಹೊನ್ನಪ್ಪ ಮದುವೆಯಾದ ವರ್ಷವೇ ಜಾಫ್ನಾಕ್ಕೆ ಹೋದವನು ಸಿಗಲಿಲ್ಲ. ಸರ್ಕಾರ ಒಂದಷ್ಟು ವರ್ಷ ಕಾಣೆಯಾಗಿದ್ದಾನೆ ಅಂದಿತು, ಆಮೇಲೆ ಸತ್ತಿರಬಹುದು ಅಂದಿತು, ಹೆಂಡತಿಗೆ ಪಿಂಚಣಿ ಕೊಟ್ಟಿತು. ಹೆಣ ಕೊಡಲಿಲ್ಲ. ಹೊನ್ನಪ್ಪನ ತಾಯಿ ಚಿಕ್ಕಬೋರಮ್ಮ, "ಯಾರ್ ನೋಡವ್ರೆ ನನ್ ಮಗುನ್ ಎಣವ? ಬತ್ತನೆ" ಅಂತ ಕೂತುಬಿಟ್ಟಳು. ಹಾಗಾಗಿ ಸೊಸೆ ಮಂಗಳಮ್ಮ ಇವತ್ತಿಗೂ ಮುತ್ತೈದೆ. ಹಣೆತುಂಬ ಕುಂಕುಮ, ಕೈತುಂಬ ಬಳೆ. ಆ ಮದುವೆಯಲ್ಲಿ ಆರತಿ ಎತ್ತುವ ಸಾಲಿನಲ್ಲಿ ಅವಳೇ ಮೊದಲು ನಿಂತಿದ್ದಳು. ಹಿಂದೆ ಇಬ್ಬರು ಹೆಂಗಸರು ಮೂತಿ ತಿರುಗಿಸಿದ್ದು ನನ್ನ ಕ್ಯಾಮೆರಾದಲ್ಲಿ ಬಂದಿತ್ತು, ಎಡಿಟಿಂಗ್‌ನಲ್ಲಿ ತೆಗೆದುಹಾಕಿದ್ದೆ.

ಮಹಾಲಯ ಅಮಾವಾಸ್ಯೆಯ ದಿನ ಆ ಮನೆಗೆ ಹೋದೆವು. ಆ ಕಡೆ ಅವತ್ತು ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ ಮಡಿಸಿಟ್ಟು, ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು, ಬಾಗಿಲು ಬಡಿದು ಸದ್ದು ಮಾಡಿಯೇ ಒಳಗೆ ಹೋಗುವುದು. ನಮ್ಮಲ್ಲೂ ಶಬ್-ಎ-ಬರಾತ್‌ಗೆ ಸತ್ತವರ ಹೆಸರಿನಲ್ಲಿ ಹಲ್ವ ಮಾಡಿ ಫಾತೆಹಾ ಓದುತ್ತಾರೆ, ಆದರೆ ಅವರು ಬಂದು ತಿನ್ನಲಿ ಅಂತ ನಾವು ಎದ್ದು ಹೊರಗೆ ಹೋಗುವುದಿಲ್ಲ. ಈ ಮರ್ಯಾದೆ ನನಗೆ ಯಾವಾಗಲೂ ಹಿಡಿಸುತ್ತದೆ.

ನಡುಮನೆಯಲ್ಲಿ ಕೆಂಪಣ್ಣನ ಅಪ್ಪ ಚೌಡಯ್ಯನಿಗೆ, ಅಜ್ಜ ಅಜ್ಜಿಗೆ ಎಲೆ ಬಿತ್ತು. ಮುದ್ದೆ, ಬಾಡಿನ ಸಾರು, ಒಡೆ, ಕಜ್ಜಾಯ. ಚೌಡಯ್ಯನ ಎಲೆಯ ಪಕ್ಕ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟಲಿ. ಹೊನ್ನಪ್ಪನಿಗೆ ಎಲೆ ಇಲ್ಲ. ಇಡುವ ಮಾತೇ ಆ ಮನೆಯಲ್ಲಿ ಇರಲಿಲ್ಲ, ಇಟ್ಟರೆ ಸತ್ತ ಅಂತ ಒಪ್ಪಿಕೊಂಡ ಹಾಗೆ. ಅಕ್ಷಿತಾ ಅದನ್ನು ಕೇಳಿ ತಿಳಿದುಕೊಂಡು, ಆ ಇಲ್ಲದ ಎಲೆಯನ್ನೇ ತೋರಿಸಬೇಕು, ಬಾಗಿಲು ಮುಚ್ಚಿದ ಮೇಲೂ ಒಳಗೆ ಕ್ಯಾಮೆರಾ ಓಡುತ್ತಿರಲಿ ಅಂದಳು.

ಕೆಂಪಣ್ಣ ಒಪ್ಪಲಿಲ್ಲ. "ನೀವ್ ಉಣ್ವಾಗ ಯಾರಾರ ಎದ್ರುಗ್ ಕುಂತು ಬಾಯ್ ನೋಡ್ತಿದ್ರೆ ಉಣ್ತೀರಾ ಸಾಬ್ರೆ?" ಅಂತ ನನ್ನನ್ನೇ ಕೇಳಿದ. ನಾನು ಉಣ್ಣುವುದಿಲ್ಲ ಅಂದೆ. ಅಕ್ಷಿತಾ ಬಹಳ ನಯವಾಗಿ ಮಾತಾಡಿದಳು. ಕೊನೆಗೆ ಕ್ಯಾಮೆರಾ ಎದುರಿಗೆ ಬೇಡ, ಮೂಲೆಯಲ್ಲಿ ರಾಗಿ ಮೂಟೆಗಳ ಮೇಲೆ ಇರಲಿ, ಅದರ ಕೆಂಪು ದೀಪಕ್ಕೆ ಟೇಪು ಅಂಟಿಸಬೇಕು, ಲೆನ್ಸ್ ಮಾತ್ರ ಬಿಟ್ಟು ಮೇಲೊಂದು ಗೋಣಿಚೀಲ ಹೊದಿಸಬೇಕು ಅಂತ ತೀರ್ಮಾನವಾಯಿತು. ನಾನೇ ಇಟ್ಟೆ. ಮಂಗಳಮ್ಮ ಆಗ ಹಿಂದುಗಡೆ ಒಲೆಯ ಮುಂದೆ ಒಡೆ ಬೇಯಿಸುತ್ತಿದ್ದಳು. ಕ್ಯಾಮೆರಾದ ವಿಷಯ ಅವಳಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಷಿತಾ ಜಗುಲಿಯ ಮೇಲೆ ಚಿಕ್ಕಬೋರಮ್ಮನನ್ನು ಕೂರಿಸಿಕೊಂಡು ಮಾತಾಡಿಸಿದಳು. ನಾನು ಅಲ್ಲಿರಲಿಲ್ಲ. ರೈಲು ಹೋಗುವ ಶಾಟ್ ಬೇಕು ಅಂತ ನನ್ನನ್ನು ಅಕ್ಕಿಹೆಬ್ಬಾಳು ಸ್ಟೇಷನ್ನಿಗೆ ಅಟ್ಟಿದ್ದಳು. ಮಂಗಳಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಳು.

ಗಂಜಾಂಗೆ ಬಂದು ಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಮುಚ್ಚಿದ ಬಾಗಿಲಿನ ಹಿಂದಿನದ್ದನ್ನು ನೋಡಿದೆ. ದೀಪ, ಎಲೆಗಳು, ಧೂಪದ ಹೊಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಡುಗೆಮನೆಯ ಕಡೆಯ ಬಾಗಿಲು ಮೆಲ್ಲಗೆ ತೆರೆಯಿತು. ಮಂಗಳಮ್ಮ ಬಂದಳು. ಸೆರಗಿನ ಮರೆಯಿಂದ ಒಂದು ಎಲೆ ತೆಗೆದು, ಆ ಸಾಲಿನಿಂದ ಸ್ವಲ್ಪ ದೂರದಲ್ಲಿ ಗೋಡೆಯ ಕಡೆಗೆ ಹಾಸಿದಳು. ಅರ್ಧ ಮುದ್ದೆ, ಒಂದು ತುಂಡು ಬಾಡು, ಒಂದು ಒಡೆ. ಕೈ ಮುಗಿಯಲಿಲ್ಲ. ಗಂಡ ಗದ್ದೆಯಿಂದ ಬಂದು ಊಟಕ್ಕೆ ಕೂತಾಗ ಹೆಂಗಸರು ಪಕ್ಕದಲ್ಲಿ ಕೂರುವ ಹಾಗೆ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಳು. ಒಂದು ಸಲ ಬಾಗಿಲಿನ ಕಡೆ ನೋಡಿ, "ಬಿರ್‌ಬಿರ್ನೆ ಉಣ್ಣು, ಬಾಗ್ಲು ತಗೀತಾರೆ" ಅಂದಳು. ಆಮೇಲೆ ಎಲೆ ಮಡಿಸಿಕೊಂಡು, ನೆಲವನ್ನು ಸೆರಗಿನಿಂದ ಒರೆಸಿ ಹೊರಟುಹೋದಳು.

ನಾನು ಅದನ್ನು ಇನ್ನೊಂದು ಸಲ ಹಾಕಿ ನೋಡಲಿಲ್ಲ. ನನಗೆ ನಾಚಿಕೆಯಾಯಿತು, ಬಚ್ಚಲುಮನೆಯ ಬಾಗಿಲು ತಪ್ಪಿ ತೆಗೆದವನ ಹಾಗೆ. ಮನೆಯಲ್ಲಿ ನನ್ನ ಹೆಂಡತಿ ಅಸ್ಫಿಯಾಗೆ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, "ಕಿಸೀಕು ನಕ್ಕೊ ದಿಖಾವ್ ಜೀ" ಅಂದಳು. ಯಾರಿಗೂ ತೋರಿಸದೆ ಇರಲು ಅದೇನು ನನ್ನ ಆಸ್ತಿಯೇ? ತೆಗೆದದ್ದೆಲ್ಲ ಗಿರಾಕಿಯದು. ಕಳಿಸಿದೆ.

ಅಕ್ಷಿತಾ ಅದನ್ನು ನೋಡಿದ ದಿನವೇ ಫೋನ್ ಮಾಡಿದಳು. "ಇಡೀ ಸಿನಿಮಾ ಇದೊಂದರಲ್ಲೇ ಇದೆ" ಅಂದಳು. ಆದರೂ ಅವಳು ನಾನು ಅಂದುಕೊಂಡಷ್ಟು ಕೆಟ್ಟವಳಲ್ಲ. ಮಂಗಳಮ್ಮನನ್ನು ಕೇಳದೆ ಹಾಕುವುದಿಲ್ಲ ಅಂತ ತಾನೇ ಹೇಳಿ, ಮತ್ತೆ ಬೆಂಗಳೂರಿನಿಂದ ಬಂದಳು. ಡೈರಿಯ ಹತ್ತಿರ ಕಾರು ನಿಲ್ಲಿಸಿ, ಕ್ಯಾನು ಇಳಿಸಿ ಬರುತ್ತಿದ್ದ ಮಂಗಳಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು.

ಮಂಗಳಮ್ಮ ಪೂರ್ತಿ ನೋಡಿದಳು.

"ಇದು ಬ್ಯಾಡ ಕಣವ್ವ" ಅಂದಳು ಅಕ್ಷಿತಾಗೆ. "ನಮ್ಮತ್ತೆ ಮಗ ಬತ್ತನೆ ಅಂತಲೇ ಜೀವ ಇಡ್ಕಂಡವ್ರೆ. ಇದ ನೋಡುದ್ರೆ, ನಾನೇ ಕೈಯಾರ ಅವರ ಮಗುನ್ ಕೊಂದಂಗೆ ಆಯ್ತದೆ."

"ಅವರು ಇಲ್ಲ ಅಂತ ನಿಮಗೆ ಯಾವಾಗ ಅನ್ನಿಸ್ತು?" ಅಂತ ಅಕ್ಷಿತಾ ಕೇಳಿದಳು.

"ದಂಡು ವಾಪಸ್ ಬಂತಲ್ಲ, ಆಗ. ಬರೋರೆಲ್ಲ ಬಂದ್ರು."

"ಮತ್ತೆ ಯಾಕೆ ಇಲ್ಲೇ ಇದ್ರಿ?"

"ನಮ್ಮಪ್ಪ ಬಂದಿದ್ದ, ಪಾಂಡವಪುರದಿಂದ. ಕೂಡಿಕೆಗೆ ಒಂದ್ ಗಂಡು ನೋಡಿವ್ನಿ, ಒಳ್ಳೆ ಮನುಸ, ಬಾ ಅಂದ. ನಮ್ಮತ್ತೆ ಬಾಗ್ಲಲ್ಲಿ ಕುಂತಿದ್ರು, ಮಾತಾಡ್ನಿಲ್ಲ. ಅವ್ರು ಬತ್ತನೆ ಅಂತ ಕುಂತಿರುವಾಗ ನಾನು ಎದ್ದೋದ್ರೆ, ಬರಲ್ಲ ಅಂತ ಯೋಳ್ದಂಗೆ ತಾನೆ? ನಮ್ಮಪ್ಪುನ್ನ ಬಸ್ ಅತ್ಸಿ ಕಳಿಸ್ಬುಟ್ಟೆ." ಹಾಲಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಆಗ ಪಿಯುಸಿ ಪಾಸಾಗಿದ್ದೆ ಕಣವ್ವ ನಾನು" ಅಂದಳು, ಯಾರೂ ಕೇಳದೆ ಇದ್ದರೂ.

ಅಕ್ಷಿತಾ ಕಣ್ಣೊರೆಸಿಕೊಂಡು, ಹಾಕುವುದಿಲ್ಲ ಅಂತ ಮಾತು ಕೊಟ್ಟಳು. ಮಂಗಳಮ್ಮ ನನ್ನ ಕಡೆ ತಿರುಗಿ, "ನೀವೂ ಯಾರ್ಗೂ ಯೋಳ್ಬ್ಯಾಡಿ ಸಾಬ್ರೆ" ಅಂದಳು. ನಾನು ತಲೆಯಾಡಿಸಿದೆ.

ಸಂಕ್ರಾಂತಿ ಆದಮೇಲೆ ಒಂದು ಭಾನುವಾರ ಬೆಳಿಗ್ಗೆ ಅದು ಟಿ.ವಿ.ಯಲ್ಲಿ ಬಂತು. ಕೆಂಪಣ್ಣ ನನ್ನನ್ನೂ ಕರೆದಿದ್ದ. ನಡುಮನೆಯ ತುಂಬ ಜನ. ಚಿಕ್ಕಬೋರಮ್ಮನಿಗೆ ಕುರ್ಚಿ, ಉಳಿದವರಿಗೆ ಚಾಪೆ. ಮಂಗಳಮ್ಮ ಎಲ್ಲರಿಗೂ ಟೀ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನ ಮುಖ ನೋಡಿದಳು. ಇಲ್ಲ, ಅದು ಬರುವುದಿಲ್ಲ ಅಂತ ನಾನು ಸನ್ನೆ ಮಾಡಿದೆ.

ಸಮುದ್ರ, ತಾಳೆಮರಗಳು, ಗುಂಡು ಬಿದ್ದ ಗೋಡೆಗಳು. ಈಗಲೂ ಮಗನ ಫೋಟೋ ಹಿಡಿದು ರಸ್ತೆಬದಿ ಕೂರುವ ಆ ಕಡೆಯ ತಾಯಂದಿರು. ಅವರನ್ನು ನೋಡಿ ನಡುಮನೆಯ ಹೆಂಗಸರು ಲೊಚಗುಟ್ಟಿದರು. ಬೋಳುತಲೆಯ ನಿವೃತ್ತ ಅಧಿಕಾರಿಯೊಬ್ಬರು, ನಾವು ಯಾಕೆ ಹೋದೆವು ಅಂತ ನನಗೆ ಇನ್ನೂ ಸರಿಯಾಗಿ ಗೊತ್ತಿಲ್ಲ ಅಂದರು. ಆಮೇಲೆ ಅಕ್ಕಿಹೆಬ್ಬಾಳಿನ ರೈಲು. ಅದು ನನ್ನ ಶಾಟ್, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಆಮೇಲೆ ಜಗುಲಿ, ಚಿಕ್ಕಬೋರಮ್ಮ. ಮನೆಯವರೆಲ್ಲ ನಕ್ಕು ಅಜ್ಜಿಯ ಕಡೆ ನೋಡಿದರು. ಅಜ್ಜಿ ನಗಲಿಲ್ಲ.

"ನನ್ ಮಗ ಸತ್ತೋಗವ್ನೆ" ಅಂತ ಟಿ.ವಿ.ಯಲ್ಲಿದ್ದ ಅಜ್ಜಿ ಹೇಳಿದಳು. "ನಂಗೆ ಆಗ್ಲೇ ಗೊತ್ತು. ದಂಡು ವಾಪಸ್ ಬಂದ ವರ್ಸ್ವೇ ಗೊತ್ತು. ಎತ್ತೋಳ್ಗೆ ಗೊತ್ತಾಗಲ್ವಾ? ಆದ್ರೆ ಸತ್ತ ಅಂದ್ರೆ ಸೊಸೆ ಬಳೆ ಒಡೀತಾರೆ, ಚಿಕ್ ಉಡ್ಗಿ. ಅದೊಂದು. ಇನ್ನೊಂದೂ ಅದೆ, ಸುಳ್ಯಾಕ್ ಯೋಳ್ಲಿ. ಸತ್ತ ಅಂದಿದ್ರೆ ಅವ್ಳು ಅವ್ರಪ್ಪುನ್ ಇಂದೆ ಒಂಟೋಗ್ಬುಡ್ತಿದ್ಲು. ಮಗ್ನೂ ಓದ, ಸೊಸೆನೂ ಓದ್ರೆ ನಂಗ್ಯಾರವ್ರೆ? ಬತ್ತನೆ ಅಂದೆ. ಬತ್ತನೆ ಬತ್ತನೆ ಅಂತ ಅವ್ಳ ಕೂಡಾಕ್ಬುಟ್ಟೆ."

ಕೆಂಪಣ್ಣ ರಿಮೋಟ್ ಹುಡುಕಿ ಟಿ.ವಿ. ಆರಿಸಿದ. ಮಂಗಳಮ್ಮ ನಿಂತಲ್ಲಿ ಇರಲಿಲ್ಲ, ಕೊಟ್ಟಿಗೆಯ ಕಡೆ ಹೋಗಿದ್ದಳು. ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬಳ ಇಡೀ ಬಾಳನ್ನು ತನ್ನ ಮನೆಯ ಗೂಟಕ್ಕೆ ಕಟ್ಟಿ ಹಾಕಿ, ಈಗ ಊರ ಮುಂದೆ ಹೇಳಿ ಹಗುರವಾದಳಲ್ಲ ಅನ್ನಿಸಿತು.

"ಯಾಕವ್ವ ಇದ ಟಿ.ವಿ.ಲಿ ಯೋಳ್ದೆ?" ಅಂತ ಕೆಂಪಣ್ಣ ಕೇಳಿದ.

"ಅವ್ಳ ಮೊಕ ನೋಡ್ಕಂಡು ಯೋಳಕ್ಕೆ ನಂಗೆ ಬಾಯ್ ಬರ್ನಿಲ್ಲ ಕಣ್ಲಾ. ಸಾಯೋದ್ರೊಳ್ಗೆ ಅವ್ಳಿಗೆ ಗೊತ್ತಾಗ್ಬೇಕಿತ್ತು. ಟಿ.ವಿ.ನಾದ್ರೂ ಯೋಳ್ಲಿ ಅಂತ ಅಂದೆ."

ಚಾಪೆಯ ಮೇಲಿದ್ದ ಒಬ್ಬ ಹೆಂಗಸು, ಹಾಗಾದರೆ ಮಂಗಳಮ್ಮನ ಬಳೆ, ಕುಂಕುಮ ಏನು ಮಾಡುವುದು ಅಂತ ರಾಗ ಎಳೆದಳು. ಮಂಗಳಮ್ಮ ಅಷ್ಟರಲ್ಲಿ ಒಳಗೆ ಬಂದಿದ್ದಳು. "ಇಕ್ಕಂಡಿರೋಳು ನಾನು. ತಗ್ಯೋದು ಬುಡೋದು ನಾನ್ ನೋಡ್ಕತೀನಿ. ಟೀ ಕುಡ್ದು ಲೋಟ ಅಲ್ಲಿಕ್ಕು" ಅಂದಳು. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

ರಸ್ತೆಗೆ ಬಂದು ಅಕ್ಷಿತಾಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಅಂದೆ. ಅವಳು ಕೇಳಿಸಿಕೊಂಡಳು. "ಹಾಕು ಅಂತ ಅಜ್ಜಿನೇ ಹೇಳಿದ್ರು. ಬೇಡ ಅಂದ ಮಾತನ್ನ ನಾನು ಹಾಕಲಿಲ್ಲ. ಹಾಕು ಅಂದಿದ್ದನ್ನ ಹಾಕಿದೆ" ಅಂದಳು.

ಆ ವಾರವೇ ಕೆಂಪಣ್ಣನ ಫೋನ್ ಬಂತು. ಅವ್ವ ಊಟ ಬಿಟ್ಟಿದ್ದಾಳೆ ಅಂದ. ಸೊಸೆ ಮಾತು ಬಿಟ್ಟಿದ್ದಕ್ಕೋ ಅಂತ ಕೇಳಿದೆ.

"ಅದಲ್ಲ ಸಾಬ್ರೆ. ಹೊನ್ನಪ್ಪ ಅಸ್ಕಂಡವ್ನೆ ಅಂತಾಳೆ. ಇಷ್ಟ್ ವರ್ಸ ಅವನ್ಗೆ ಒಂದ್ ಎಡೆ ಇಕ್ಲಿಲ್ಲ, ಸತ್ತವ್ನೆ ಅಂತ ಗೊತ್ತಿದ್ದೂ ಇಕ್ಲಿಲ್ಲ, ಸುಳ್ಳು ಉಳಿಸ್ಕಳಾಕೆ ಮಗುನ್ ಅಸಿವಲ್ಲಿ ಇಟ್ಬುಟ್ಟೆ, ಈಗ ನಾನ್ ಎಂಗ್ ಉಣ್ಲಿ ಅಂತಾಳೆ. ನೀರು ಬುಟ್ರೆ ಏನೂ ಇಲ್ಲ."

ಹೊನ್ನಪ್ಪನಿಗೆ ಎಡೆ ಬಿದ್ದದ್ದು ಕೆಂಪಣ್ಣನಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಒಂದು ಮಾತು ಹೇಳಿದ್ದರೆ ಮುದುಕಿ ತಟ್ಟೆ ಹಿಡಿಯುತ್ತಿದ್ದಳು. ಹೇಳುತ್ತಿಲ್ಲ ಅಂದರೆ ಹೇಳುವುದಕ್ಕೆ ಮನಸ್ಸಿಲ್ಲ ಅಂತಲೇ ಅರ್ಥ ಅಂದುಕೊಂಡೆ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಆ ಜಾಗದಲ್ಲಿ ನಾನಿದ್ದರೆ ನಾನೂ ಹೇಳುತ್ತಿರಲಿಲ್ಲ. ಮಾತು ಕೊಟ್ಟಿದ್ದೆ, ಅದಕ್ಕೇ ಕೆಂಪಣ್ಣನಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತಷ್ಟೇ ಹೇಳಿದೆ.

ಮಾರನೆಯ ದಿನ ಮಂಗಳಮ್ಮನೇ ಫೋನ್ ಮಾಡಿದಳು.

"ಸಾಬ್ರೆ, ಅದ ಅಳಿಸ್ಬುಟ್ರಾ, ಇಟ್ಟಿದ್ದೀರಾ?"

ಇದೆ ಅಂದೆ. ಗಿರಾಕಿ ಹೇಳದೆ ನಾನು ಯಾವುದನ್ನೂ ಅಳಿಸುವುದಿಲ್ಲ.

"ತಕ್ಕಂಡು ಬನ್ನಿ. ನಾನ್ ಯೋಳ್ದೆ ಅವ್ರಿಗೆ, ಪ್ರತಿ ವರ್ಸ್ವೂ ಇಕ್ಕಿವ್ನಿ ಅಂತ. ನಂಬಲ್ರು. ನನ್ ಉಣ್ಸಕ್ಕೆ ಸುಳ್ ಯೋಳ್ತೀಯ ಅಂತಾರೆ. ಇಷ್ಟ್ ವರ್ಸ ಒಬ್ರಿಗೊಬ್ರು ಸುಳ್ ಯೋಳ್ಕಂಡೇ ಬದುಕಿವಿ, ಈಗ ನಿಜ ಯೋಳುದ್ರೆ ಯಾರ್ ನಂಬ್ತಾರೆ?"

"ಅವರ ಮೇಲೆ ನಿಮಗೆ ಸಿಟ್ಟಿಲ್ವಾ ಅಕ್ಕ?" ಕೇಳಬಾರದಿತ್ತು, ಕೇಳಿಬಿಟ್ಟೆ.

"ಅದೆ. ಸಿಟ್ಟು ಎಲ್ಲೋಯ್ತದೆ, ಇಲ್ಲೇ ಇರ್ತದೆ. ಅದ್ಕೆ ಮುದುಕಮ್ಮುನ್ನ ಉಪಾಸ ಕೆಡವಕಾಯ್ತದಾ? ನೀವು ಬನ್ನಿ."

ಪಾಂಡವಪುರ ದಾಟಿ, ಕೆ.ಆರ್.ಪೇಟೆಯ ರಸ್ತೆ ಹಿಡಿದು ಹೋಗುವಾಗ ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಅವುಗಳ ಹಿಂದೆ ತೆವಳಿಕೊಂಡು ಹೋದೆ. ಊರು ಸೇರುವಾಗ ಮಧ್ಯಾಹ್ನ ತಿರುಗಿತ್ತು. ಚಿಕ್ಕಬೋರಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಮುಖ ಇಳಿದುಹೋಗಿತ್ತು. ಸಿಟ್ಟು ಮಾಡಿಕೊಂಡೇ ಹೋಗಿದ್ದವನಿಗೆ ಅವಳನ್ನು ನೋಡಿ ಪಾಪ ಅನ್ನಿಸಿತು. ಕೆಂಪಣ್ಣ ಲ್ಯಾಪ್‌ಟಾಪ್ ಇಡಲು ಒಂದು ಸ್ಟೂಲು ತಂದ. ಅಜ್ಜಿಗೆ ದೂರದ್ದು ಕಾಣುವುದಿಲ್ಲ, ಹತ್ತಿರಕ್ಕೆ ಎಳೆದು ಕೊಟ್ಟೆ.

ಬಾಗಿಲು, ದೀಪ, ಹೊಗೆ. ಮಂಗಳಮ್ಮ ಬಂದಳು, ಎಲೆ ಹಾಸಿದಳು, ಕೂತಳು. ಅಜ್ಜಿ ಪರದೆಯ ಮೇಲೆ ಬೆರಳಿಟ್ಟು ಎಲೆಯ ಮೇಲಿದ್ದದ್ದನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮಂಗಳಮ್ಮನ ಮಾತು ಕೇಳಿಸಿತು. ಕೆಂಪಣ್ಣ ಮುಖ ಮುಚ್ಚಿಕೊಂಡು ಹೊರಗೆ ಹೋದ. ಅಜ್ಜಿ ಇನ್ನೊಂದು ಸಲ ಹಾಕು ಅಂದಳು. ಹಾಕಿದೆ.

"ವರ್ಸ ವರ್ಸ್ವೂ ಇಂಗೇಯಾ?" ಅಂತ ಕೇಳಿದಳು.

"ಊಂ. ಮೊದ್ಲು ಕೊಟ್ಟಿಗೇಲಿ ಇಕ್ತಿದ್ದೆ. ಆಮೇಕೆ, ಅವರಪ್ಪುನ್ ಜೊತೇಲೇ ಉಣ್ಲಿ ಅಂತ ಒಳೀಕೆ ತಂದೆ" ಅಂದಳು ಮಂಗಳಮ್ಮ. ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಅತ್ತೆಯ ಮುಂದೆ ಇಟ್ಟಳು. "ಉಣ್ಣತ್ತೆ" ಅಂದಳು. ಮುಖ ಗಂಟಿಕ್ಕಿಕೊಂಡೇ ಇತ್ತು.

ಅಜ್ಜಿ ಮುದ್ದೆ ಮುರಿದಳು. ಸಾರಿಗೆ ಅದ್ದಿದಳು. ಬಾಯಿಗೆ ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಸೊಸೆಯನ್ನು ನೋಡಿದಳು.

"ಇಷ್ಟ್ ವರ್ಸ್ವೂ ಬಾಗ್ಲು ತಗೀತಾರೆ ಅಂತ ಎದುರ್ಕಂಡು, ಬಿರ್‌ಬಿರ್ನೆ ಉಂಡ್ಕಂಡ್ ಓಗವ್ನಲ್ಲ ಕಣಮ್ಮಿ ನನ್ ಮಗ" ಅಂದಳು. "ಈ ವರ್ಸ ಇಬ್ರೂ ಸೇರಿ ಇಕ್ಕವ. ನಿಧಾನ್ವಾಗಿ ಕುಂತ್ಕಂಡ್ ಉಣ್ಲಿ. ಅವ್ನು ಏಳಗಂಟ ಯಾರೂ ಬಾಗ್ಲು ತಗೀಬ್ಯಾಡಿ."